ಭಟ್ಟಿ ಇದ್ದ ಜಾಗದಲ್ಲಿ ಹಂಪಕ್ಕ

ಮದುವೆಯಾದ ವರ್ಷವೇ ಹಂಪಕ್ಕ ಹೊಳೆ ದಂಡೆಯ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಹಿರೇಹಡಗಲಿಗೆ ಮುಂಜಾನೆಯೇ ಲಾರಿ ಬಂದು ಆಳುಗಳನ್ನು ತುಂಬಿಕೊಂಡು ತುಂಗಭದ್ರೆಯ ಕಡೆಗೆ ಹೋಗುತ್ತಿತ್ತು. ಗಂಡ ಹುಲುಗಣ್ಣ ಭಟ್ಟಿಗೆ ಸೌದೆ ಹಾಕುವವನು, ಇವಳು ಹಂಚಿನ ಜೇಡಿಮಣ್ಣು ತುಳಿಯುವವಳು. ಗೆಳತಿ ಮಾರೆಮ್ಮನ ಹೆಗಲು ಹಿಡಿದು ಇಪ್ಪತ್ತೊಂದು ವರ್ಷ ತುಳಿದಳು.

ಎಂಬತ್ತೇಳರಲ್ಲಿ ಕಾರ್ಖಾನೆ ಮುಚ್ಚಿತು. ಗಂಡ ಹೆಂಡತಿ ಕೊಟ್ಟೂರಿಗೆ ಹೋಗಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದರು. ಹುಲುಗಣ್ಣನಿಗೆ ಆ ಕೆಲಸ ಕಡೆಗೂ ಒಗ್ಗಲಿಲ್ಲ. “ಇದೇನ್ ಉರಿಲೇ, ಬೀಡಿ ಹಚ್ಚಾಕಷ್ಟ ಸೈ” ಎನ್ನುತ್ತಿದ್ದ. ಒಂಬತ್ತು ವರ್ಷದ ಮೇಲೆ ಜ್ವರ ಬಂದು ತೀರಿಕೊಂಡ. ಹಂಪಕ್ಕ ಮಗಳ ಮನೆಯಲ್ಲಿ ಉಳಿದಳು. ಹೊಳೆಯ ಕಡೆ ಮತ್ತೆ ಹೋಗಲಿಲ್ಲ.

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ಮಾರೆಮ್ಮ ಬಂದಳು.

“ಲೇ ಹಂಪಿ, ನಮ್ ಕಾರ್ಖಾನಿ ಪಾರ್ಕ್ ಆಗೇತಿ. ಬರ್ತಿ?”

“ಅಲ್ಲೇನೈತಿ ನೋಡಾಕ?”

“ಗಿಡ ಐತಿ, ನೆಳ್ಳೈತಿ. ಸುಮ್ನ ಕುಂದ್ರಾಕ ಐತಿ. ಅಲ್ಲಿ ನಾವು ಯಾವತ್ತರ ಸುಮ್ನ ಕುಂತೀವೇನು?”

ಇಬ್ಬರೂ ಬಸ್ಸು ಹತ್ತಿದರು.

ಗೇಟು ದಾಟಿದ ಮೇಲೆ ಹಂಪಕ್ಕ ಸುತ್ತಲೂ ಕಣ್ಣಾಡಿಸಿದಳು. ಮಣ್ಣು ಅಗೆದ ಗುಂಡಿಗಳಲ್ಲಿ ನೀರು ನಿಂತು ತಾವರೆ ಅರಳಿದ್ದವು. ಅರ್ಧ ಉಳಿದ ಚಿಮಣಿಯ ಬಾಯಿಂದ ಗಿಳಿಗಳು ಹೊಗೆಯ ಹಾಗೆ ಎದ್ದು, ಗಾಳಿಯಲ್ಲಿ ಬಿಚ್ಚಿಕೊಂಡು, ಹೊಳೆಯಾಚೆ ಕರಗಿದವು. ಹೊಂಗೆಯ ಸಾಲಿನ ನಡುವೆ ದಾರಿ ನೇರವಾಗಿತ್ತು. ಆದರೂ ಅವಳ ಕಾಲು ತಾನಾಗಿ ಬಲಕ್ಕೆ ಹೊರಳಿತು, ಹತ್ತು ಹೆಜ್ಜೆ ಹೋಗಿ ಎಡಕ್ಕೆ ತಿರುಗಿತು. ಹಿಂದಿನಿಂದ ಮಾರೆಮ್ಮನೂ ಏನೂ ಕೇಳದೆ ಹಾಗೆಯೇ ಬಂದಳು. ಈಗಿಲ್ಲದ ಒಂದು ಗೋಡೆಯನ್ನು ಇಬ್ಬರೂ ಸುತ್ತಿ ಬಂದಿದ್ದರು.

ಅಲ್ಲೊಂದು ಬೋಳು ಜಾಗ. ಪಾರ್ಕಿನ ಮಾಲಿ ಮಂಜಣ್ಣ ಒಣಗಿದ ಸಸಿಗಳನ್ನು ಕೀಳುತ್ತಿದ್ದ. “ಮೂರು ಸಲ ಹಚ್ಚಿದೆ ಅವ್ವಾ. ನೀರು ಹಾಕ್ತೀನಿ, ಗೊಬ್ಬರ ಹಾಕ್ತೀನಿ. ಇಲ್ಲಿ ಮಾತ್ರ ಒಂದೂ ಜೀವ ಹಿಡಿಯವಲ್ದು” ಎಂದ.

ಹಂಪಕ್ಕ ಹಿಮ್ಮಡಿಯಿಂದ ನೆಲ ಕುಟ್ಟಿದಳು. “ಹೆಂಗ್ ಹಿಡಿತೈತಪ್ಪ? ಇದು ಭಟ್ಟಿ. ಕೆಳಗ ಸುಟ್ಟ ನೆಲ ಐತಿ, ಬೇರು ಇಳಿಯಂಗಿಲ್ಲ.”

ಮಂಜಣ್ಣ ನಂಬಲಿಲ್ಲ. ಹಾರೆ ತಂದು ಹಾಕಿದ. ಎರಡು ಗೇಣು ಇಳಿಯುವಷ್ಟರಲ್ಲಿ ಠಣ್ ಎಂದಿತು. ಮಣ್ಣು ಸರಿಸುತ್ತಾ ಹೋದರೆ ಕೆಂಪಗೆ, ಚಾಪೆ ಹಾಸಿದಷ್ಟು ಸಪಾಟು ನೆಲ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿತ್ತು.

ಹಂಪಕ್ಕ ಕೆಳಗಿಳಿದು ಅಂಗೈ ಊರಿದಳು. ಅಲ್ಲೇ ಕುಳಿತಳು, ಆಮೇಲೆ ಮಗ್ಗುಲಾದಳು. ನೆಲ ಬೆಚ್ಚಗಿತ್ತು. ಹೊಳೆಯ ಗಾಳಿ ಬೀಸುತ್ತಿತ್ತು. ನಿದ್ದೆಯೋ ಎಚ್ಚರವೋ, ಬೆವರಿನ ಬೆನ್ನು ಈ ಕಡೆ ಮಾಡಿ ಹುಲುಗಣ್ಣ ಸೌದೆ ಒಟ್ಟುತ್ತಿದ್ದ. ಕರೆದರೆ ತಿರುಗಿಯಾನು ಅನ್ನಿಸಿತು. ಕರೆಯಲಿಲ್ಲ. ಅವನ ಕೆಲಸ ಸಾಗಲಿ ಎಂದು ನೋಡುತ್ತಾ ಮಲಗಿದಳು.

ಕಣ್ಣು ಬಿಟ್ಟಾಗ ಮಾರೆಮ್ಮ ಸೆರಗಿನಿಂದ ಅವಳ ಮುಖಕ್ಕೆ ನೆರಳು ಹಿಡಿದಿದ್ದಳು. ಮಂಜಣ್ಣ ಹಾರೆ ಹಿಡಿದು ನಿಂತಿದ್ದ.

“ಅವ್ವಾ, ಸಾಹೇಬ್ರು ಇಲ್ಲಿ ಗಿಡ ಇರಾಕಬೇಕು ಅಂದಾರ. ಇದನ್ನ ಒಡೀಲೇನು?”

“ಒಡಿಬ್ಯಾಡ ತಮ್ಮಾ. ಗಿಡ ತಾನ ಬೇಕು? ಬಾ ಇಲ್ಲಿ.”

ಹದಿನೈದು ಹೆಜ್ಜೆ ಹೊಳೆಯ ಕಡೆಗೆ ನಡೆದು ನಿಂತಳು. ಅದು ತುಳಿಯುವ ಮಣ್ಣು ಒಟ್ಟುತ್ತಿದ್ದ ಜಾಗ. ಗುದ್ದಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಏಳು ಬೇವಿನ ಸಸಿ ಹಚ್ಚಿದರು. ಪ್ರತಿ ಬುಡಕ್ಕೂ ನೀರು ಹಾಕಿ ಹೆಂಗಸರಿಬ್ಬರು ಹೆಗಲು ಹಿಡಿದುಕೊಂಡು ಮಣ್ಣು ತುಳಿದರು. ಏಳನೆಯದಕ್ಕೆ ಬರುವಷ್ಟರಲ್ಲಿ ಮಾರೆಮ್ಮ ಏದುಸಿರು ಬಿಡುತ್ತಾ ನಗುತ್ತಿದ್ದಳು.

ಐದು ಸಸಿ ಬದುಕಿದವು. ಮುಂದೆ ಕಾಲುದಾರಿ ಮಾಡುವಾಗ ಭಟ್ಟಿಯ ನೆಲದಲ್ಲಿ ಅರ್ಧ ಒಡೆದುಹೋಯಿತು. ಸುದ್ದಿ ಕೇಳಿ ಹಂಪಕ್ಕ ಒಂದು ದಿನ ಊಟ ಬಿಟ್ಟಳು, ಮರುದಿನ ಉಂಡಳು.

ಮಂಜಣ್ಣ ಮಾತ್ರ ಆಮೇಲೆ ಅವಳನ್ನು ಕೇಳದೆ ಗುಂಡಿ ತೋಡಲಿಲ್ಲ. ಮಳೆಗಾಲ ಬಂತೆಂದರೆ ಮಗಳ ಓಣಿಯ ಎಸ್‌ಟಿಡಿ ಅಂಗಡಿಗೆ ಅವನ ಫೋನು ಬರುತ್ತಿತ್ತು. ಹಂಪಕ್ಕ ಎರಡೂ ಕೈಯಿಂದ ರಿಸೀವರ್ ಹಿಡಿಯುತ್ತಿದ್ದಳು.

“ಅವ್ವಾ, ಗೇಟಿನ ಎಡಕ್ಕ ಏನಿತ್ತು?”

ಅವಳು ಕಣ್ಣು ಮುಚ್ಚಿ ಗೇಟು ದಾಟಿ ನಾಲ್ಕು ಹೆಜ್ಜೆ ಒಳಗೆ ಹೋಗುತ್ತಿದ್ದಳು.

“ಅಲ್ಲಿ ಹಸಿ ಹಂಚು ಒಣಗ್ಸೋ ಚಪ್ಪರ ಇತ್ತು. ಕೆಳಗ ಬರೇ ಮಣ್ಣು. ನೇರಳಿ ಹಚ್ಚು ತಮ್ಮಾ, ಚಂದಾಗಿ ಬರ್ತೈತಿ.”