ಕುರಿ ಎಬ್ಬಿಸಿದ ಅಲೆ

ಹೊಸದುರ್ಗದಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಸಮುದ್ರ ನೋಡಿದವರಲ್ಲ. ಆದರೂ ಕಡಲ ಅಲೆಯಿಂದ ಕರೆಂಟು ತೆಗೆಯುವ ತೇಲುವ ಡಬ್ಬಿಯೊಂದಕ್ಕೆ ಮೂರು ವರ್ಷ ಕೂತು ಸಮೀಕರಣ ಬರೆದಿದ್ದರು. ಕೇಳಿದರೆ ಗಲ್ಲ ಕೆರೆಯುತ್ತಾ, "ಎಲ್ಲಾ ಲೆಕ್ಕದಾಗೈತೆ ಕಣಪ್ಪ" ಎನ್ನುತ್ತಿದ್ದರು.

ವಿಜ್ಞಾನ ಪತ್ರಿಕೆಗೆ ಕಳಿಸುವ ಮುನ್ನ ಪರೀಕ್ಷಿಸಲು ಡಬ್ಬಿ ಮಾಡಿಕೊಂಡು ಶ್ರೀರಾಂಪುರದ ಕಡೆಯ ಕೆರೆಗೆ ಹೋದೆವು. ನೀರು ಅಲ್ಲಾಡಲಿಲ್ಲ. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯಲು ಬಂದಿದ್ದ ಕುರಿಗಾಹಿ, "ಅಲೆ ಬೇಕೇನ್ರಿ ಮೇಷ್ಟ್ರೇ? ತಗಳ್ರಿ" ಎಂದು ಇಡೀ ಹಿಂಡನ್ನು ನೀರಿಗಿಳಿಸಿದ. ಡಬ್ಬಿ ಕುಣಿಯಿತು. ಆದರೆ ಲೆಕ್ಕ ಹೇಳಿದ್ದರ ಅರ್ಧದಷ್ಟೂ ಏಳಲಿಲ್ಲ.

"ನಿಮ್ ಡಬ್ಬೀನೂ ಅಲೆ ಎಬ್ಬಿಸ್ತೈತಲ್ರಿ. ಅದರ ಕಸುವೆಲ್ಲ ಅಲ್ಲೇ ಹೋಗ್ತೈತೆ" ಎಂದ ಕುರಿಗಾಹಿ.

ಸಮೀಕರಣದಲ್ಲಿ ಅದೊಂದೇ ಇರಲಿಲ್ಲ. ಮೇಷ್ಟ್ರು ಪುಸ್ತಕ ತೆರೆದು, "ನಿಮ್ಮ ಹೆಸರು ಹೇಳ್ರಿ, ಬರ್ಕೊಂತೀನಿ" ಎಂದರು.

ಮಕ್ಕಳಾಗದಂತೆ ಮಾಡುವ ಆಪರೇಷನ್‌ಗೆ ಜನರನ್ನು ಹಿಡಿದು ತರುವ ಕೆಲಸವನ್ನು ಮೇಷ್ಟ್ರುಗಳಿಗೇ ವಹಿಸಿದ್ದ ತುರ್ತು ಪರಿಸ್ಥಿತಿಯ ಕಾಲ ಅದು. "ಬ್ಯಾಡ್ರಿ ಮೇಷ್ಟ್ರೇ, ನನಗಿನ್ನೂ ಒಂದೇ ಮಗ!" ಎನ್ನುತ್ತಾ ಅವನು ಒದ್ದೆ ಕುರಿಗಳನ್ನು ಹೊಡೆದುಕೊಂಡು ಓಡಿದ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಪುಸ್ತಕದಲ್ಲಿ ತಿದ್ದಿದ ಸಮೀಕರಣವಿದೆ. ಕೆಳಗೆ 'ಕೃತಜ್ಞತೆ' ಎಂದು ಬರೆದು ಜಾಗ ಬಿಟ್ಟಿದ್ದಾರೆ.

"ಆ ಹೆಸರು ಸಿಗೋವರೆಗೂ ಪತ್ರಿಕೆಗೆ ಕಳಿಸಾದಿಲ್ಲ ಅಂತಿದ್ರು" ಎಂದರು ಅವರ ಹೆಂಡತಿ.