ಬಸ್ಸು ಹತ್ತಬಾರದ ಫೋಟೋಗಳು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಮೂಡುಬಿದಿರೆಯಲ್ಲಿ ಸ್ಟುಡಿಯೋ ಹಾಕಿದೆ. ಡಿಜಿಟಲ್ ಕ್ಯಾಮೆರಾ ಬಂದಾಗ ಕಂಪ್ಯೂಟರನ್ನೂ ಯಾರ ಹಂಗಿಲ್ಲದೆ ಕಲಿತೆ. ಆಲ್ಬಮ್ ಮಾಡುವವನು ಬಂಟ್ವಾಳದಲ್ಲಿದ್ದ ನನ್ನ ತಮ್ಮ. ದಿನದ ಫೋಟೋಗಳನ್ನು ಒಂದು ಸಣ್ಣ ಹಾರ್ಡ್‌ಡಿಸ್ಕಿಗೆ ಇಳಿಸಿ ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಯಾವುದು ಹೋಗಬೇಕು, ಯಾವುದು ಬೇಡ ಎಂದು ಒಮ್ಮೆ ನಿಯಮ ಬರೆದಿಟ್ಟರೆ ಸಾಕು, ಸಿಂಕ್ ಮಾಡುವ, ಅಂದರೆ ಕಂಪ್ಯೂಟರಿನಿಂದ ಡಿಸ್ಕಿಗೆ ನಕಲಿಸುವ ತಂತ್ರಾಂಶ ತಾನೇ ಆರಿಸಿಕೊಳ್ಳುತ್ತಿತ್ತು.

ಒಮ್ಮೆ ಪುತ್ತಿಗೆಯ ಒಂದು ಬ್ಯಾರಿ ಮುಸ್ಲಿಮರ ಮನೆಯ ಮದುವೆ ಸಿಕ್ಕಿತು. ಹೆಂಗಸರ ಕಡೆಯ ಫೋಟೋ ತೆಗೆದವಳು ನನ್ನ ಹೆಂಡತಿ. ಮದುಮಗಳ ತಾಯಿ ಅವಳ ಕೈ ಹಿಡಿದು ಹೇಳಿದ್ದರು: "ಇದರ ಆಲ್ಬಮ್ ಸಹ ನೀವೇ ಮಾಡ್ಬೇಕು. ಹೊರಗಿನ ಗಂಡಸರ ಕಣ್ಣಿಗೆ ಬೀಳ್ಬಾರದು." ಇವಳು ಮಾತು ಕೊಟ್ಟು ಬಂದಿದ್ದಳು.

ಹೆಂಡತಿ ತೆಗೆದ ಫೋಟೋಗಳ ಫೋಲ್ಡರ್ ಹೋಗಬಾರದೆಂದು ನಾನು ನಿಯಮ ಸೇರಿಸಿದೆ. ಸಿಂಕ್ ಮುಗಿಯಿತು. ಡಿಸ್ಕ್ ಎತ್ತಿಕೊಂಡು ಹೊರಟಾಗ ಅವಳು ಕೇಳಿದಳು.

"ತೆರೆದು ನೋಡಿದ್ರಾ?"

"ನಿಯಮ ಬರ್ದಿದ್ದೇನಲ್ಲ. ಮತ್ತೆ ನೋಡ್ಲಿಕ್ಕೆ ಎಂತ ಉಂಟು?"

"ಮಾತು ಕೊಟ್ಟದ್ದು ನಾನು. ನೋಡಿ."

ನೋಡಿದೆ. ಅವಳ ಫೋಲ್ಡರ್ ಡಿಸ್ಕಿನಲ್ಲಿ ಆರಾಮವಾಗಿ ಕೂತಿತ್ತು.

ಆದದ್ದು ಇಷ್ಟೇ. ತಂತ್ರಾಂಶ ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿಕೆಯಾದ ನಿಯಮದ್ದೇ ಕೊನೆಯ ಮಾತು. 'ಎಲ್ಲ ಫೋಟೋ ಸೇರಿಸು' ಎಂಬುದು ಮೇಲಿತ್ತು, ನನ್ನ 'ಬೇಡ' ಕೆಳಗಿತ್ತು. ಗೇಟಿನಲ್ಲೇ ಒಬ್ಬ ಬನ್ನಿ ಬನ್ನಿ ಎಂದು ಒಳಗೆ ಬಿಟ್ಟ ಮೇಲೆ ಚಪ್ಪರದ ಮೂಲೆಯಲ್ಲಿ ನಿಂತವನ ಮಾತು ಯಾರು ಕೇಳುತ್ತಾರೆ?

'ಬೇಡ'ವನ್ನು ಮೇಲೆ ಹಾಕಿ ಮತ್ತೆ ಓಡಿಸಿದೆ. ಆದರೂ ಫೋಲ್ಡರ್ ಡಿಸ್ಕಿನಿಂದ ಕದಲಲಿಲ್ಲ. ಬೇಡ ಎಂದರೆ ಅದು ಆ ಕಡೆ ಕಣ್ಣು ಹಾಯಿಸುವುದಿಲ್ಲ, ಅಷ್ಟೇ. ಮೊದಲೇ ಹೋದದ್ದನ್ನು ಅಳಿಸುವುದೂ ಇಲ್ಲ. ಚಿತ್ರ ಒಂದನ್ನೂ ತೆರೆಯದೆ ಅಷ್ಟನ್ನೂ ನಾನೇ ಅಳಿಸಿದೆ. ಆಮೇಲೆ ಅವಳನ್ನು ಕೂರಿಸಿ ಡಿಸ್ಕ್ ಪೂರ್ತಿ ತೋರಿಸಿದೆ.

ಅಷ್ಟರಲ್ಲಿ ಬಸ್ಸು ಹಾರ್ನ್ ಹಾಕತೊಡಗಿತ್ತು. ಕಂಡಕ್ಟರ್ ಅಂಗಡಿಯ ಬಾಗಿಲಿಗೇ ಬಂದ.

"ಎಂತ ಧಣಿ, ಇವತ್ತು ಬುತ್ತಿ ಇಲ್ವಾ?"

"ಉಂಟು ಮಾರಾಯ. ಕಲ್ಲು ಆರಿಸ್ಲಿಕ್ಕೆ ತಡ ಆಯ್ತು."

ಮರುದಿನ ತಮ್ಮ ಫೋನ್ ಮಾಡಿದ. "ಅಣ್ಣ, ಇದ್ರಲ್ಲಿ ಮದುಮಗ ಮಾತ್ರ ಉಂಟು. ಇವ ಯಾರನ್ನು ಮದುವೆ ಆದದ್ದು?"

"ಅದು ನಿನಗೆ ಬೇಡ. ಇದ್ದದ್ದರಲ್ಲಿ ಆಲ್ಬಮ್ ಮಾಡು."

ಹೆಂಗಸರ ಆಲ್ಬಮನ್ನು ಹೆಂಡತಿ ನಮ್ಮ ಮನೆಯಲ್ಲೇ ಕೂತು, ತಾನೇ ತೆಗೆದ ಪ್ರಿಂಟುಗಳನ್ನು ಒಂದೊಂದಾಗಿ ಅಂಟಿಸಿ ಮಾಡಿದಳು. ಅದನ್ನು ಒಯ್ಯಲು ಬಂದ ಆ ತಾಯಿ ಪುಟ ತಿರುವುವ ಮೊದಲು ತಗ್ಗಿದ ದನಿಯಲ್ಲಿ ಕೇಳಿದರು: "ಬೇರೆ ಎಲ್ಲಿಗೂ ಹೋಗ್ಲಿಲ್ಲ ಅಲ್ವಾ?"

"ಇಲ್ಲ," ಎಂದಳು ಇವಳು.

ಹಾಗೆ ಹೇಳುವಾಗ ಅವಳು ನನ್ನ ಕಡೆ ತಿರುಗಿ ನೋಡಬೇಕಾಗಿ ಬರಲಿಲ್ಲ.