ವರ್ನಾಳ ಕಣಜ ತುಂಬಿದ ದಿನ

ನಮ್ಮ ಪಾಪ್ಲರ್ ಬೆಂಡ್‌ನಲ್ಲಿ ಒಬ್ಬನ ಹೆಂಡತಿಯ ವಯಸ್ಸು ಬೇಕಾದರೆ ಕೇಳಬಹುದು, ಅವನ ಹೊಲದಲ್ಲಿ ಎಕರೆಗೆ ಎಷ್ಟು ಬುಶೆಲ್ ಕಾಳು ಬಂತೆಂದು ಕೇಳಬಾರದು. ಸೊಸೈಟಿ ಅಂಗಡಿಯ ಹಿಂಬದಿಯ ಉದ್ದ ಮೇಜಿನಲ್ಲಿ ಬೆಳಗಿನ ಕಾಫಿಗೆ ಕೂತಾಗ ಅವನೇ ಬಾಯಿಬಿಟ್ಟು ಒಂದು ಅಂಕಿ ಹೇಳಬೇಕು, ಅದೂ ಸುಳ್ಳಾಗಿರಬೇಕು. ಚೆನ್ನಾಗಿ ಬಂದ ವರ್ಷ ಐದು ಕಳೆದು ಹೇಳುವುದು, ಕೆಟ್ಟ ವರ್ಷ ಐದು ಕೂಡಿಸಿ ಹೇಳುವುದು. ಕೇಳಿದವರು ಮನಸ್ಸಿನಲ್ಲೇ ಸರಿ ಮಾಡಿಕೊಳ್ಳುತ್ತಾರೆ. ಇದರಿಂದ ಇದುವರೆಗೆ ಯಾರಿಗೂ ಮೋಸವಾಗಿಲ್ಲ.

ಆ ಮೇಜಿನಲ್ಲಿ ಕೂರುವ ಒಬ್ಬಳೇ ಹೆಂಗಸು ವರ್ನಾ ಸ್ಲೋಬೋಡಾ. ಮದುವೆಯ ಗೊಡವೆಗೆ ಹೋಗದೆ ಅಪ್ಪನ ಹೊಲವನ್ನು ಒಬ್ಬಳೇ ಉತ್ತು ಬಿತ್ತಿದವಳು. ಚಳಿಗಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಳು, ಊರಿನ ಅರ್ಧ ಜನ ಆ ಬಸ್ಸಿನಲ್ಲೇ ಬೆಳೆದವರು. ಇವತ್ತು ನಮ್ಮ ಸುತ್ತಲಿನ ದೊಡ್ಡ ಕುಳವಾದ ಗಾರ್ತ್ ಓಸ್ಟ್‌ಬಿಯನ್ನು, ಹುಡುಗನಾಗಿದ್ದಾಗ ಗಲಾಟೆ ಮಾಡಿದ್ದಕ್ಕೆ, ಒಂದಿಡೀ ಚಳಿಗಾಲ ತನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂರಿಸಿದ್ದಳು. ಐವತ್ತು ದಾಟಿದರೂ ಅವಳನ್ನು ಏಕವಚನದಲ್ಲಿ ಕರೆಯಲು ಅವನಿಗೆ ನಾಲಿಗೆ ಏಳುವುದಿಲ್ಲ. ಅವಳೂ ನಾನೂ ಒಂದೇ ವಾರಿಗೆಯವರು, ಬೇಲಿ ಹಂಚಿಕೊಂಡವರು. ನಾನು ಬೇಸಾಯ ಬಿಟ್ಟ ಮೇಲೆ, ಕೊಯ್ಲಿನಲ್ಲಿ ಅವಳ ಕಾಳನ್ನು ನನ್ನ ಹಳೇ ಲಾರಿಯಲ್ಲಿ ಹೊಲದಿಂದ ಕಣಜಕ್ಕೆ ಸಾಗಿಸುತ್ತೇನೆ.

ಈ ವರ್ಷ ಬಿತ್ತನೆಯಾದ ಮೇಲೆ ಮಳೆ ಈ ಕಡೆ ತಲೆ ಹಾಕಲಿಲ್ಲ. ನಾವೆಲ್ಲ ಎಣ್ಣೆಗಾಗಿ ಬೆಳೆಯುವ ಕನೋಲಾ ಸಾಸಿವೆಯ ಜಾತಿಯದು, ಕಾಳೂ ಅಷ್ಟೇ ಸಣ್ಣದು. ಒಣಮಣ್ಣಿನಲ್ಲಿ ಮೊಳೆತದ್ದು ಅರ್ಧ, ಮೊಳೆತದ್ದರಲ್ಲಿ ಕರಿಹುಳು ತಿಂದದ್ದು ಅರ್ಧ. ಜೂನ್‌ನಲ್ಲಿ ಎಲ್ಲರೂ ಆ ಪೈರನ್ನು ಕೆಡಿಸಿ ಮತ್ತೆ ಬಿತ್ತಿದರು. ವರ್ನಾ ಮಾತ್ರ ಬಿತ್ತಲಿಲ್ಲ.

"ನಿನ್ನ ಹೊಲದಲ್ಲಿ ಗಿಡ ಹುಡುಕೋಕೆ ನಾಯಿ ಬಿಡ್ಬೇಕು ಕಣೆ," ಅಂದ ನಮ್ಮ ಮೇಜಿನ ಕುಚೋದ್ಯಗಾರ ನೆಸ್ಟರ್.

"ಇರೋ ಗಿಡ ಕೊಂಬೆ ಒಡೆಯುತ್ತೆ. ಜಾಗ ಸಿಕ್ಕಿದ್ರೆ ಅದೂ ಮೈ ಚಾಚುತ್ತೆ, ಬೆಂಚಿನ ಮೇಲೆ ನೀನು ಚಾಚಿದ ಹಾಗೆ," ಅಂದಳು ವರ್ನಾ.

ಗಾರ್ತ್ ಮೆಲ್ಲಗೆ ಬಾಯಿ ಹಾಕಿದ. "ಈ ವಯಸ್ಸಲ್ಲಿ ಯಾಕೆ ಇಷ್ಟೊಂದು ಒದ್ದಾಡ್ತೀರಿ? ಹೊಲ ನನಗೆ ಗುತ್ತಿಗೆಗೆ ಕೊಟ್ಟು ಆರಾಮಾಗಿರಿ." ಇದನ್ನು ಅವನು ವರ್ಷಗಳಿಂದ ಹೇಳುತ್ತಿದ್ದ.

ವರ್ನಾ ಲೋಟ ಕೆಳಗಿಟ್ಟಳು. "ಎಕರೆಗೆ ಇಪ್ಪತ್ತು ಬರದಿದ್ರೆ ಬರೋ ವರ್ಷದಿಂದ ಹೊಲ ನೀನೇ ಮಾಡು. ಆದ್ರೆ ಮತ್ತೆ ಮಾತ್ರ ಬಿತ್ತಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಮೇಜಿನಲ್ಲಿ ಅಂಕಿ ಸುಳ್ಳಿರಬಹುದು, ಕೊಟ್ಟ ಮಾತು ಸುಳ್ಳಾಗುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದ ಮೇಲೆ, "ನಿನ್ನ ಬಾಯಿಗೆ ಬೀಗ ಇಲ್ವೇನೆ? ಹೊಲ ಬಿಟ್ಟು ಏನ್ ಮಾಡ್ತೀಯ, ಕಿಟಕೀಲಿ ಕೂತು ನೊಣ ಎಣಿಸ್ತೀಯಾ?" ಅಂತ ಬೈದೆ. ಅವಳು ಗಾಡಿ ಹತ್ತಿ ಹೊರಟಳು. ಆ ಬೇಸಿಗೆಯೆಲ್ಲ ನಾನು ಮೋಡ ನೋಡಿದ್ದು ಅವಳ ಹೊಲಕ್ಕಾಗಿ.

ಸೆಪ್ಟೆಂಬರ್‌ನಲ್ಲಿ ಬಟಾಣಿಯ ಕೊಯ್ಲು ಮುಗಿಸಿ ಕನೋಲಾಕ್ಕೆ ಇಳಿದಳು. ಕಟಾವು ಯಂತ್ರದಲ್ಲಿ ಅವಳ ಕಣ್ಣೆದುರೇ ಒಂದು ಪರದೆ ಇದೆ, ಎಕರೆಗೆ ಎಷ್ಟು ಬೀಳುತ್ತಿದೆಯೆಂದು ಹೋಗುತ್ತಾ ಹೋಗುತ್ತಾ ತೋರಿಸುತ್ತದೆ. ಅದನ್ನು ಅವಳು ಲಾರಿಯಲ್ಲಿದ್ದ ನನಗೆ ವೈರ್‌ಲೆಸ್ ರೇಡಿಯೋದಲ್ಲಿ ಓದಿ ಹೇಳುತ್ತಿದ್ದಳು.

"ಹದಿನೆಂಟು." ಸ್ವಲ್ಪ ಹೊತ್ತಿಗೆ, "ಹದಿನೇಳು." ಒಂದೊಂದು ಸಲಕ್ಕೂ ದನಿ ಇಳಿಯುತ್ತಿತ್ತು.

"ಅಷ್ಟೇನಾ? ನಾನು ಉಸಿರಾಡೋಕೂ ಪುರುಸೊತ್ತಿಲ್ದೆ ಓಡಾಡ್ತಿದೀನಲ್ಲೇ," ಅಂದೆ.

"ನಿನ್ನ ಲಾರಿ ಚಿಕ್ಕದು ಕಣೋ, ಅದಕ್ಕೆ."

ಅದೂ ನಿಜವೇ. ಮಧ್ಯಾಹ್ನ ಗಾಲಿಯ ನೆರಳಿನಲ್ಲಿ ಬ್ರೆಡ್ಡು ತಿನ್ನುವಾಗ ಅವಳು ಮುಖ ಎತ್ತಲಿಲ್ಲ. "ಸಂಜೆ ಗಾರ್ತ್ ಮನೆಗೆ ಹೋಗಿ ಹೇಳಿ ಬರ್ತೀನಿ. ಮೇಜಲ್ಲಿ ಎಲ್ರ ಮುಂದೆ ಹೇಳೋಕೆ ನನ್ನ ಕೈಲಿ ಆಗಲ್ಲ." ನಾನು ಉಳಿದ ಬ್ರೆಡ್ಡನ್ನು ಮತ್ತೆ ಪೊಟ್ಟಣ ಕಟ್ಟಿದೆ.

ಹೊತ್ತು ಇಳಿಯುವಾಗ ಕೊಳವೆ ಯಂತ್ರದಿಂದ ಕಣಜಕ್ಕೆ ಕಾಳು ಏರಿಸುತ್ತಾ ನಿಂತಿದ್ದೆ. ತಗಡಿನ ಸೂರಿನ ಮೇಲೆ ಸರಸರ ಸದ್ದಾಯಿತು, ಕರಿ ಕಾಳು ನನ್ನ ಟೋಪಿಯ ಮೇಲೆ ಸುರಿಯಿತು. ಯಂತ್ರ ನಿಲ್ಲಿಸಿ ಏಣಿ ಹತ್ತಿ ನೋಡಿದೆ. ಕಣಜ ಕಂಠಮಟ್ಟ ತುಂಬಿತ್ತು. ಆ ಹೊಲಕ್ಕೆಂದೇ ಅವಳಪ್ಪ ಕಟ್ಟಿದ ಕಣಜ ಅದು. ಇಡೀ ಹೊಲ ಎಕರೆಗೆ ಇಪ್ಪತ್ತು ಕೊಟ್ಟರೆ ಅದು ತುಂಬುತ್ತದೆಂದು ಊರಿಗೆಲ್ಲ ಗೊತ್ತು. ಹೊಲದ ಒಂದು ಮೂಲೆ, ಐದರಲ್ಲೊಂದು ಪಾಲು, ಇನ್ನೂ ಕೊಯ್ಯದೆ ನಿಂತಿತ್ತು.

ಲಾರಿಯನ್ನು ಹೊಲಕ್ಕೆ ಓಡಿಸಿ, ಅವಳ ಯಂತ್ರದ ಮೆಟ್ಟಿಲು ಹತ್ತಿ ಪರದೆ ನೋಡಿದೆ. ಅಂಕಿಯ ಪಕ್ಕ, ಮೂಲೆಯಲ್ಲಿ, ಹಸಿರು ಬಣ್ಣದ ಒಂದು ಚಿಕ್ಕ ಚಿತ್ರವಿತ್ತು.

"ಇದೇನೇ ಇದು?"

ವರ್ನಾ ಕನ್ನಡಕ ಸರಿಮಾಡಿಕೊಂಡಳು. "ಬಟಾಣಿಕಾಯಿ."

"ನೀನು ಕೊಯ್ತಿರೋದು ಏನು?"

ಬಟಾಣಿ ಮುಗಿದ ಮೇಲೆ ಪರದೆಯಲ್ಲಿ ಬೆಳೆ ಬದಲಾಯಿಸುವುದನ್ನು ಮರೆತಿದ್ದಳು. ಆ ದಡ್ಡ ಯಂತ್ರ ಬೆಳಗಿನಿಂದ ಕನೋಲಾವನ್ನು ಬಟಾಣಿಗೆ ಹೊಂದಿಸಿದ ಅಳತೆಯಲ್ಲೇ ಎಣಿಸಿ ಕಡಿಮೆ ತೋರಿಸುತ್ತಿತ್ತು. "ಕಣಜ ಉಕ್ಕಿ ನನ್ನ ತಲೆ ಮೇಲೆ ಸುರೀತು ತಾಯಿ," ಅಂದೆ. ಅವಳು ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ನನ್ನ ಕಣ್ಣಂತೂ ಒದ್ದೆಯಾಗಿತ್ತು. ಮೂರು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಉರುಳಿತು.

ಉಳಿದ ಕಾಳನ್ನು ಸುರಿಯುವುದೆಲ್ಲಿ? ಈ ವರ್ಷ ಖಾಲಿ ಕಣಜ ಅಕ್ಕಪಕ್ಕದಲ್ಲಿ ಇದ್ದದ್ದು ಗಾರ್ತ್‌ನ ಬಳಿ ಮಾತ್ರ.

ಮರುದಿನ ಇಬ್ಬನಿ ಆರುವ ತನಕ ಕಟಾವಿಲ್ಲವಾದ್ದರಿಂದ ಮೇಜು ತುಂಬಿತ್ತು. ನೆಸ್ಟರ್ ತನಗೆ ಹತ್ತೊಂಬತ್ತು ಬಂತೆಂದ. ಗಾರ್ತ್ ಹದಿನೆಂಟೆಂದ. ವರ್ನಾ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಾ ಕೇಳಿದಳು, "ಗಾರ್ತ್, ರಸ್ತೆ ಪಕ್ಕದ ನಿನ್ನ ಕಣಜ ಖಾಲಿ ಇದ್ಯಾ?"

"ಯಾಕೆ?"

"ನಂದು ತುಂಬಿಹೋಯ್ತು. ಹೊಲದ ಮೂಲೆ ಇನ್ನೂ ನಿಂತಿದೆ."

ಎಲ್ಲರೂ ಅವಳಪ್ಪನ ಕಣಜವನ್ನು ಮನಸ್ಸಿನಲ್ಲೇ ಅಳೆದರು. ಗಾರ್ತ್ ತನ್ನ ಲೋಟವನ್ನೇ ನೋಡುತ್ತಿದ್ದ.

"ಇದೆ. ಅದೊಂದೇ ಅಲ್ಲ, ನಾಲ್ಕೂ ಖಾಲಿ ಇವೆ," ಅಂದ ಕೊನೆಗೆ. "ಬಾಗಿಲು ಬಿಗಿ, ಒದ್ದು ತೆಗೀರಿ." ಆಮೇಲೆ ತಲೆಯೆತ್ತಿದ. "ಹದಿನೆಂಟಲ್ಲ. ನಂಗೆ ಬಂದಿದ್ದು ಹದಿಮೂರು. ಮತ್ತೆ ಬಿತ್ತಿದ್ದೇ ತಪ್ಪಾಯ್ತು."

ಆ ಮೇಜಿನಲ್ಲಿ ನಿಜವಾದ ಅಂಕಿಯನ್ನು ನಾನು ಕೇಳಿದ್ದು ಅದೇ ಮೊದಲು. ನೆಸ್ಟರ್ ಕೆಮ್ಮಿ, "ನಂದೂ ಹದಿನಾಲ್ಕೇ ಕಣಯ್ಯಾ," ಅಂದ. "ಹೆಂಡ್ತಿಗೂ ಹೇಳಿರಲಿಲ್ಲ." ಇನ್ನೊಬ್ಬ ಹನ್ನೆರಡೆಂದ. ತನ್ನ ಹೊಲವೊಂದೇ ಕೈಕೊಟ್ಟಿತೆಂದು ಒಬ್ಬೊಬ್ಬನೂ ಒಳಗೊಳಗೇ ಕೊರಗುತ್ತಿದ್ದವನು. ಅಂಕಿ ಹೊರಬಿದ್ದಂತೆ ಮುಖಗಳು ಸಡಿಲವಾದವು, ಯಾರೋ ಎರಡನೇ ಸಲ ಕಾಫಿ ತಂದರು.

ಉಳಿದವಳು ವರ್ನಾ. ಕಣಜದ ಲೆಕ್ಕಕ್ಕೆ ಸರಿಯಾಗಿ ಇಪ್ಪತ್ತೈದು ಎಂದು ಅವಳು ಗಟ್ಟಿಯಾಗಿ ಹೇಳುವುದನ್ನು ಕೇಳಲು ನಾನು ಎದೆಯುಬ್ಬಿಸಿ ಕೂತಿದ್ದೆ.

ಅವಳು ಒಮ್ಮೆ ಗಾರ್ತ್‌ನ ಮುಖ ನೋಡಿದಳು. "ಇಪ್ಪತ್ತೊಂದು," ಅಂದಳು. "ಬರೋ ವರ್ಷಾನೂ ಹೊಲ ನಾನೇ ಮಾಡ್ತೀನಿ."

ನೆಸ್ಟರ್ ನನ್ನ ಕಡೆ ತಿರುಗಿದ. "ಕಾಳು ಹೊತ್ತವನು ನೀನು. ಹೌದೇನೋ ಎಲ್ಮರ್, ಇಪ್ಪತ್ತೊಂದೇನಾ?"

"ನಂದು ಚಿಕ್ಕ ಲಾರಿ," ಅಂದೆ. "ನನಗೇನು ಗೊತ್ತು?"

ಮೊದಲು ನಕ್ಕವನು ಗಾರ್ತ್.